ನಡವಳಿಯಲ್ಲಿ ಇಲ್ಲದ್ದು

ಸ್ಕೆಲ್‌ಬರಿ ಬರೋ ಕೌನ್ಸಿಲ್, ಪೂರ್ಣ ಸಭೆ, ಗುರುವಾರ ಸಂಜೆ ಏಳಕ್ಕೆ.
ಹಾಜರಿ: ನಲವತ್ತೆರಡು. ರಜೆ ಕೋರಿದವರು ಇಬ್ಬರು,
ಒಬ್ಬರಿಗೆ ಮಂಡಿನೋವು, ಇನ್ನೊಬ್ಬರಿಗೆ ಮೊಮ್ಮಗಳ ನಾಟಕ.
ಇಷ್ಟನ್ನು ಬರೆಯುವುದು ನನ್ನ ಕೆಲಸ.
ಹತ್ತೊಂಬತ್ತು ವರ್ಷದಿಂದ ಬರೆಯುತ್ತಿದ್ದೇನೆ
ಭೂತಕಾಲದಲ್ಲಿ, ಪ್ರಥಮ ಪುರುಷದಲ್ಲಿ,
ಯಾವ ಪಕ್ಷದ ಬಣ್ಣವೂ ಇಲ್ಲದ ಶಾಯಿಯಲ್ಲಿ.

ಮೊದಲು ಗದೆ ಬರುತ್ತದೆ,
ಈವರೆಗೆ ಯಾರ ತಲೆಯನ್ನೂ ಒಡೆಯದ ಬೆಳ್ಳಿಯ ಗದೆ.
ಹೊತ್ತು ತರುವ ನಾರ್ಮನ್ ಎಂಟ್‌ವಿಸಲ್
ಹಗಲು ಹೊತ್ತು ಕಾರುಗಳಿಗೆ ದಂಡದ ಚೀಟಿ ಅಂಟಿಸುವವನು.
ಅವನ ಹಿಂದೆ ಮೇಯರ್ ಎನಿಡ್ ಹಾರ್ಗ್ರೀವ್ಸ್.
ಕೊರಳ ಸರ ಎರಡೂವರೆ ಕಿಲೋ,
ಅಧಿಕಾರ ಅದಕ್ಕಿಂತ ಹಗುರ:
ಒಂದು ವರ್ಷ ರಿಬ್ಬನ್ ಕತ್ತರಿಸಬಹುದು,
ಮೇಜು ಕುಟ್ಟಿ "ಸದ್ದು" ಅನ್ನಬಹುದು.
ಚುಕ್ಕಾಣಿ ಇರುವುದು ಮುಂದಿನ ಸಾಲಿನ ಲೀಡರ್ ಕೈಯಲ್ಲಿ,
ಲೀಡರ್ ಆರಿಸಿಕೊಂಡ ಏಳು ಮಂದಿಯ ಕೈಯಲ್ಲಿ.
ಒಬ್ಬರಿಗೆ ಕಸ, ಒಬ್ಬರಿಗೆ ಮನೆಗಳು,
ಒಬ್ಬರಿಗೆ ಈಜುಕೊಳ ಮತ್ತು ಸ್ಮಶಾನ;
ಎರಡೂ ಒಂದೇ ಖಾತೆ ಯಾಕೆಂದು ಯಾರೂ ಕೇಳಿಲ್ಲ.
ಉಳಿದವರು ಕೇಳುವವರು, ಕೆಮ್ಮುವವರು.
ಗೋಡೆಗಂಟಿ ಕೂತ ನಾವು ಓಟು ಬೇಡದವರು.
ಅವರು ಗೆಲ್ಲುತ್ತಾರೆ, ಸೋಲುತ್ತಾರೆ,
ಮೆಟ್ಟಿಲ ಪಕ್ಕ ಫೋಟೋ ಆಗುತ್ತಾರೆ.
ನಾವು ಇಲ್ಲೇ.

ಅಂದಿನ ಆರನೇ ವಿಷಯ:
ಕಾಲುವೆ ದಂಡೆಯ ಐವತ್ತೆಂಟು ದೀಪಗಳನ್ನು
ನಡುರಾತ್ರಿಯಿಂದ ಐದರವರೆಗೆ ಆರಿಸುವುದು.
ಉಳಿತಾಯ, ವರ್ಷಕ್ಕೆ ಹನ್ನೊಂದು ಸಾವಿರ ಪೌಂಡ್.
ಪ್ರಾಯೋಗಿಕವೆಂದು ಏಪ್ರಿಲಿನಿಂದ ಆರಿಯೇ ಇದ್ದವು.

ಸಾರ್ವಜನಿಕರ ಪ್ರಶ್ನೆಗೆ ಮೂರು ನಿಮಿಷ.
ಗಡಿಯಾರ ಹಿಡಿಯುವವಳೂ ನಾನೇ.
ಎದ್ದವಳು ಯಾದ್ವಿಗಾ ವ್ರೂಬೆಲ್, ಬ್ರೆಡ್ ಕಾರ್ಖಾನೆಯ ಕೋಟಿನಲ್ಲೇ,
ತೋಳಿನ ಮಡಿಕೆಯಲ್ಲಿ ಹಿಟ್ಟು.
"ನನ್ನ ಪಾಳಿ ಬೆಳಗಿನ ನಾಲ್ಕಕ್ಕೆ.
ದಂಡೆ ಹಿಡಿದರೆ ಹದಿನಾಲ್ಕು ನಿಮಿಷ, ರಸ್ತೆ ಸುತ್ತಿದರೆ ನಲವತ್ತು.
ಆ ಹೊತ್ತಿಗೆ ಬಸ್ಸಿಲ್ಲ.
ನೀರು ಎಲ್ಲಿ ಮುಗಿಯಿತು, ದಾರಿ ಎಲ್ಲಿ ಶುರುವಾಯಿತು ಅಂತ
ಕಾಲನ್ನೇ ಕೇಳಿಕೊಂಡು ಹೋಗುತ್ತೇನೆ.
ನೀವು ತಿನ್ನುವ ಬ್ರೆಡ್ಡು
ಆ ಕತ್ತಲಲ್ಲಿ ನಡೆದು ಬಂದದ್ದು."

ಐವತ್ತು ಸೆಕೆಂಡಿಗೆ ಮಾತು ಮುಗಿಯಿತು.
ಕೂರಲಿಲ್ಲ.
"ಇನ್ನೇನಾದರೂ ಇದೆಯೇ?" ಅಂದರು ಮೇಯರ್.
"ಇಲ್ಲ. ಉಳಿದದ್ದೂ ನನ್ನ ಸಮಯವೇ ಅಲ್ಲವೇ?"
ಎರಡು ನಿಮಿಷ ಹತ್ತು ಸೆಕೆಂಡು ಸುಮ್ಮನೆ ನಿಂತಿದ್ದಳು.
ರೇಡಿಯೇಟರ್ ಒಮ್ಮೆ ಟಿಕ್ ಅಂದಿತು.
ಪೆಪ್ಪರ್‌ಮಿಂಟಿನ ಕಾಗದ ಬಿಚ್ಚಲು ಹೋದವರು ಅರ್ಧಕ್ಕೇ ಬಿಟ್ಟರು.
ಮೌನವನ್ನು ಕ್ರಮಬಾಹಿರ ಎನ್ನಲು
ನಿಯಮಪುಸ್ತಕದಲ್ಲಿ ಪುಟ ಸಿಗಲಿಲ್ಲ.

ಖಾತೆಯ ಸದಸ್ಯರು ಕೊಟ್ಟ ಉತ್ತರ
ಅಡ್ಡಗೋಡೆಯ ಮೇಲೆ ದೀಪವಿಟ್ಟಂತೆ.
ಊರಲ್ಲಿ ಆ ರಾತ್ರಿಗೆ ಗ್ಯಾರಂಟಿಯಿದ್ದ ದೀಪ ಅದೊಂದೇ.

ಕೈ ಎತ್ತಿದರು.
ವಿಪ್ ಕಣ್ಣು ಕೆಕ್ಕರಿಸಿದರೂ
ಲೋವರ್ ಮಿಲ್ ವಾರ್ಡಿನ ಫರ್ಗಸ್ ಟಟರ್‌ಸಾಲ್ ಕೈ ಎದುರು ಪಕ್ಷದ ಜೊತೆ ಎದ್ದಿತ್ತು;
ಅವನ ತಾಯಿಯೂ ರಾತ್ರಿ ಪಾಳಿಯವಳಂತೆ.
ಇಪ್ಪತ್ತೊಂದು, ಇಪ್ಪತ್ತೊಂದು.
ಸಮ ಬಂದರೆ ಮೇಯರ್ ಮತ.
ಇದ್ದದ್ದು ಇದ್ದ ಹಾಗೇ ಇರಲಿ ಅನ್ನುವುದು ಸಂಪ್ರದಾಯ.
ಇದ್ದದ್ದು ಯಾವುದು?
ನೂರು ವರ್ಷದ ಬೆಳಕೋ, ಏಳು ತಿಂಗಳ ಕತ್ತಲೋ?
ಕಾನೂನು ಅಧಿಕಾರಿ ಪುಟ ತಿರುವಿದರು,
ಹಿಂದಕ್ಕೆ, ಮತ್ತೆ ಮುಂದಕ್ಕೆ.
ಎನಿಡ್ ಸರವನ್ನು ಸರಿಮಾಡಿಕೊಂಡರು.
ಅದರ ಭಾರ ನನಗೆ ಕಂಡದ್ದು ಅಂದೇ ಮೊದಲು.
"ಪರಿಶೀಲನಾ ಸಮಿತಿಗೆ," ಅಂದರು, ಯಾರನ್ನೂ ನೋಡದೆ.

ನಾನು ಬರೆದೆ: ಪ್ರಶ್ನೆಯನ್ನು ಗಮನಿಸಲಾಯಿತು.
ವಿಷಯವನ್ನು ಸಮಿತಿಗೆ ಒಪ್ಪಿಸಲಾಯಿತು.
ಎರಡು ನಿಮಿಷ ಹತ್ತು ಸೆಕೆಂಡಿಗೆ ಕಾಲಂ ಇಲ್ಲ.
ಸಮಿತಿ ಕೂರುವುದು ಫೆಬ್ರವರಿಯಲ್ಲಿ.

ಇನ್ನೊಂದು ಮಾತು, ಇದೂ ನಡವಳಿಯಲ್ಲಿಲ್ಲ.
ಮೂವತ್ತೊಂದನೇ ಕಂಬದ ಟೈಮರ್ ಕೆಟ್ಟಿದೆ.
ಎರಡನೇ ತೂಬಿನ ಹತ್ತಿರ, ದಾರಿ ನೀರಿನತ್ತ ವಾಲುವಲ್ಲಿ,
ಇಡೀ ರಾತ್ರಿ ಅದೊಂದು ಉರಿಯುತ್ತಿರುತ್ತದೆ.
ದುಂದುವೆಚ್ಚ ಎಂದು ತೆರಿಗೆದಾರರೊಬ್ಬರು ಬರೆದ ದೂರು
ಜೂನಿನಲ್ಲೇ ಬಂದಿದೆ,
ಸೀಲು ಬಿದ್ದಿದೆ,
ನನ್ನ ಮೇಜಿನ ಕೆಳಗಿನ ಖಾನೆಯಲ್ಲಿ
ಸರದಿಗೆ ಕಾಯುತ್ತಿದೆ.