ಷರಾ

ಬಿಇಓ ಕಚೇರಿಯಿಂದ ಸುತ್ತೋಲೆ ಬಂದಿದೆ,
ಎರಡು ಪುಟ, ಒಂದು ನಮೂನೆ, ಒಂದು ಚಾರ್ಟು.
ಇನ್ನು ಮೇಲೆ ಶನಿವಾರದ ಮೊದಲ ಪಿರಿಯಡ್ಡು
ಮಕ್ಕಳ ಭಾವನೆಗಳಿಗೆ ಮೀಸಲು.
ತಪ್ಪಿದಲ್ಲಿ ಮುಖ್ಯಗುರುಗಳೇ ಹೊಣೆ.

ಕೌಲ್ ಬಜಾರಿನ ನಮ್ಮ ಶಾಲೆಗೂ
ಜೀನ್ಸ್ ಹೊಲಿಯುವ ಶೆಡ್ಡಿಗೂ ಒಂದೇ ಗೋಡೆ.
ನಾನು ‘ಅ’ ಅಂದರೆ ಅದು ‘ಟರ್ರ್’ ಅನ್ನುತ್ತದೆ.
ಹನ್ನೊಂದು ವರ್ಷದಿಂದ
ಇಬ್ಬರೂ ಇದೇ ಮಕ್ಕಳಿಗೆ ಪಾಠ ಹೇಳುತ್ತಿದ್ದೇವೆ.

ಚಾರ್ಟಿನಲ್ಲಿ ಆರು ಮುಖ:
ನಗು, ಅಳು, ಸಿಟ್ಟು, ಹೆದರಿಕೆ, ಬೆರಗು, ಬೇಸರ.
ಆರಕ್ಕೂ ಒಂದೇ ಹಳದಿ.
‘ಕಿವೀನೇ ಇಲ್ಲಲ್ಲ ಮಿಸ್, ಬೈದ್ರೆ ಹೆಂಗ ಕೇಳ್ತೈತಿ?’
ಗಾದಿಲಿಂಗನ ಪ್ರಶ್ನೆ.
ನಮೂನೆಯಲ್ಲಿ ಅದಕ್ಕೆ ಕಾಲಂ ಇಲ್ಲ.

ಮೊದಲ ಶನಿವಾರ
ಎಲ್ಲರೂ ನಗುವ ಮುಖವನ್ನೇ ಮುಟ್ಟಿದರು,
ಮೂವತ್ತೆಂಟಕ್ಕೆ ಮೂವತ್ತೆಂಟು.
ತನಿಖೆ ಅಂದುಕೊಂಡಿದ್ದರಂತೆ.
ಮೊಟ್ಟೆ ಕೊಟ್ಟರಾ ಅಂದರೆ ಹೂಂ,
ಹೊಡೀತಾರಾ ಅಂದರೆ ಇಲ್ಲ.
ಹಾಗೆ ಹೇಳಲು ಕಲಿಸಿದವಳು ನಾನೇ.

ಎರಡನೆಯ ಶನಿವಾರ ನಾನೇ ಮೊದಲು ಎದ್ದೆ.
ಸಿಟ್ಟನ್ನು ಮುಟ್ಟಿದೆ.
ನಿನ್ನೆ ಎರ್ರಿಸ್ವಾಮಿಯನ್ನು ಮೂರು ಸಲ ನಳಕ್ಕೆ ಅಟ್ಟಿದ್ದೆ,
ಕೈ ತೊಳಕೊಂಡು ಬಾ ಅಂತ.
ಮೂರು ಸಲವೂ ಅದೇ ನೀಲಿ ಕೈ ಒಡ್ಡಿ ನಿಂತ.
ಅದು ಕೊಳೆಯಲ್ಲ, ಬಣ್ಣ,
ರಾತ್ರಿಯೆಲ್ಲ ಪ್ಯಾಂಟಿನ ದಾರ ಕತ್ತರಿಸಿದ ಬೆರಳು
ಅಂತ ಗೊತ್ತಾಗುವಷ್ಟರಲ್ಲಿ ಹೊಡೆದಿದ್ದೆ.
ಇದನ್ನು ಮಕ್ಕಳೆದುರು ಹೇಳಿದೆ.
ಹೇಳುವಾಗ ದನಿ ಯಾಕೋ ಕಿರಿದಾಯಿತು.
ಎರ್ರಿಸ್ವಾಮಿ ನೆಲ ನೋಡಿದ,
ಆಮೇಲೆ ನನ್ನನ್ನು ಸಮಾಧಾನ ಮಾಡುವವನಂತೆ
‘ಜಾಸ್ತಿ ನೋವಾಗಿಲ್ಲ ಮಿಸ್’ ಅಂದ.

ಮೂರನೆಯ ಶನಿವಾರ ಹೊನ್ನೂರಬಿಯ ಸರದಿ.
ಅವಳ ಬೆರಳು ನಗುವಿನ ಹತ್ತಿರ ಹೋಯಿತು, ನಿಲ್ಲಲಿಲ್ಲ.
ಅಳುವನ್ನು ದಾಟಿತು, ಬೇಸರದ ಸುತ್ತ ಒಮ್ಮೆ ಸುಳಿದು
ಚಾರ್ಟು ಮುಗಿದ ಮೇಲಿನ ಬರಿ ಗೋಡೆಗೆ ಹೋಗಿ ಕೂತಿತು.

‘ಒಂಥರಾ ಆಗ್ತೈತಿ ಮಿಸ್.’
ಒಂಥರಾ ಅಂದರೆ?
‘ಒಂಥರಾ ಅಂದ್ರ... ಒಂಥರಾ.’

ಯಾರೂ ನಗಲಿಲ್ಲ.
‘ನನಗೂ ಆಗ್ತೈತಿ’ ಅಂದ ಗಾದಿಲಿಂಗ,
‘ಕರೆಂಟ್ ಹೋದಾಗ.
ಮಿಷಿನ್ ಎಲ್ಲಾ ಒಂದೇ ಸಲ ನಿಂತು
ಅವ್ವ ತಲೆ ಎತ್ತಿ ನನ್ನ ನೋಡ್ತಾಳ.
ಏನ್ ಮಾತಾಡ್ಬೇಕೋ ಗೊತ್ತಾಗಂಗಿಲ್ಲ.’
ಮಾರೆಕ್ಕ ಕೈ ಎತ್ತಿದಳು.
ಹಿಂದಿನ ಸಾಲಿನಲ್ಲಿ ಇನ್ನೊಂದು ಕೈ, ಮತ್ತೊಂದು.
ಒಟ್ಟು ಒಂಬತ್ತು. ನನ್ನದನ್ನು ಎಣಿಸಲಿಲ್ಲ.

ನಮೂನೆಯ ಆರು ಕಾಲಂ ದಾಟಿದರೆ ಕೊನೆಗೆ
ಬೆರಳಗಲ ‘ಷರಾ’.
ಅಲ್ಲಿ ಸಣ್ಣಕ್ಷರದಲ್ಲಿ ಬರೆದು ಕಳಿಸಿದೆ:
ಒಂಥರಾ, ಒಂಬತ್ತು.

ಸೋಮವಾರ ಸಿಆರ್‌ಪಿ ಫೋನು.
‘ಮೇಡಂ, ನಿಮ್ಮದನ್ನ ಕಂಪ್ಯೂಟರ್ ತಗೊಳ್ಳವಲ್ದು.
ಬೇಸರಕ್ಕೆ ಸೇರಿಸಿಬಿಡ್ಲಾ?’
ಬೇಸರ ಬೇರೆ ಸರ್, ಅಂದೆ.
‘ಹಂಗಾದ್ರೆ ನಗುವಿಗೆ?’
ಅದೂ ಬೇರೆ.
ಆ ಕಡೆ ಯಾರೋ ಚಹಾದ ಲೋಟ ಇಟ್ಟ ಸದ್ದು.
ಸ್ವಲ್ಪ ಹೊತ್ತು ಅವರೂ ಮಾತಾಡಲಿಲ್ಲ,
ಆಮೇಲೆ ‘ನೋಡ್ತೀನಿ’ ಅಂತ ಇಟ್ಟರು.

ತಿಂಗಳ ಕೊನೆಗೆ ಮಿರ್ಚಿ ಕಟ್ಟಿಕೊಟ್ಟ ಪೇಪರಿನಲ್ಲಿ
ಸಿಕ್ಕಿತು ನಮ್ಮ ಜಿಲ್ಲೆಯ ಸುದ್ದಿ:
ಶಾಲಾ ಮಕ್ಕಳಲ್ಲಿ ಸಂತಸ ನೂರಕ್ಕೆ ತೊಂಬತ್ತ...
ಮುಂದಿನ ಅಂಕಿಯ ಮೇಲೆ ಎಣ್ಣೆ ಇಳಿದಿತ್ತು.

ಈ ಬೆಳಿಗ್ಗೆ ಬಾಗಿಲು ತೆಗೆದರೆ
ಚಾರ್ಟಿನ ಮುಖಗಳಿಗೆ ಕಿವಿ ಬಂದಿವೆ,
ನೀಲಿ ಬಾಲ್‌ಪೆನ್ನಿನ ದೊಡ್ಡ ದೊಡ್ಡ ಕಿವಿ.
ಯಾರು ಬರೆದದ್ದು ಅಂತ ನಾನು ಕೇಳಲಿಲ್ಲ.
ಬೇಸರಕ್ಕೆ ಮಾತ್ರ ಒಂದೇ ಕಿವಿ.
ಅಷ್ಟರಲ್ಲಿ ಬೆಲ್ಲಾಗಿರಬೇಕು.