ಮೂವತ್ತೆರಡು ಗುಬ್ಬಿ

ಗುಬ್ಬಿ ಅಂದರೆ ಹಕ್ಕಿಯಲ್ಲ ಇಲ್ಲಿ,
ಇಟ್ಟಿಗೆಯ ನೆತ್ತಿಯ ಮೇಲಿನ ಉರುಟು ಮೊಟ್ಟು.
ಅಡಿಹಲಗೆಗೆ ಉದ್ದ ಮೂವತ್ತೆರಡು, ಅಗಲ ಮೂವತ್ತೆರಡು,
ಒಂದೂ ಹೆಚ್ಚಿಲ್ಲ. ಆಚೆಗೆ ಪಕ್ಕದವನ ಜಾಗ.

ಹಗಲು ನಾನು ಲಿಫ್ಟ್ ಮೆಕ್ಯಾನಿಕ್.
ಶಾರ್ಜಾದ ಕಾಲುಭಾಗ ನನ್ನ ಗ್ರೀಸಿನ ಮೇಲೆ ಏರಿಳಿಯುತ್ತದೆ.
ಕಟ್ಟಡವೆಂದರೆ ನನಗೊಂದು ಕತ್ತಲೆ ಕೊಳವೆ,
ನಡುವೆ ತೂಗುವ ಉಕ್ಕಿನ ಹಗ್ಗ.
ಮನೆಗಳು ಕಂಡದ್ದೆಲ್ಲ ಬಾಗಿಲ ಸಂದಿನಲ್ಲಿ:
ಚಪ್ಪಲಿ ಗೂಡು, ಹುರಿದ ಮೀನಿನ ವಾಸನೆ,
ಯಾರೋ ಯಾರನ್ನೋ ಕರೆದದ್ದು,
ಅಷ್ಟರಲ್ಲಿ ಬಾಗಿಲು ಕೂಡಿಕೊಂಡಿತು.

ಅದಕ್ಕೇ ಇರಬೇಕು, ನಲವತ್ತೊಂಬತ್ತಕ್ಕೆ ಈ ಹುಚ್ಚು.
ಊಟದ ಮೇಜಿಗೆ ಹಳೇ ಬೆಡ್‌ಶೀಟು ಹಾಸಿ
ಮಹಡಿಯ ಮೇಲೆ ಮಹಡಿ ಕಟ್ಟುತ್ತೇನೆ,
ಎತ್ತಿದರೆ ಬರುವಂತೆ, ಇಟ್ಟರೆ ಕೂರುವಂತೆ.
ಟಿಫಿನ್ ಕ್ಯಾರಿಯರ್ ಇದ್ದ ಹಾಗೆ ಕಣೇ, ಅಂದೆ.
ಅನ್ನ ಎಲ್ಲಿ? ಅಂದಳು ವಿಮಲಾಕ್ಷಿ.

ಶುಕ್ರವಾರ ಹಳೇ ಸಾಮಾನಿನ ಸಂತೆಯಲ್ಲಿ ಇಟ್ಟಿಗೆ ಕಿಲೋ ಲೆಕ್ಕ.
ಬೆಳೆದ ಮಕ್ಕಳು ಬಿಟ್ಟುಹೋದ ಕೋಟೆ, ರಾಕೆಟ್ಟು, ಅರ್ಧ ಡೈನೋಸಾರು.
ಬಕೆಟ್ಟಿನ ಸೋಪುನೀರಲ್ಲಿ ಮುಳುಗಿಸಿ
ಅಕ್ಕಿಯಿಂದ ಕಲ್ಲು ಹೆಕ್ಕಿದ ಹಾಗೆ ಬಣ್ಣ ಹೆಕ್ಕುತ್ತೇನೆ.
ಡೈನೋಸಾರಿನ ಹಸಿರು ಬೇಕಾದಷ್ಟು.
ಮರಳಿನ ಬಣ್ಣ ಮಾತ್ರ ಈ ಊರಲ್ಲಿ ಸಿಗುವುದಿಲ್ಲ.

ಕಟ್ಟುತ್ತಿರುವುದು ರೋಲಾದ ಆ ಹಳೇ ಬಿಲ್ಡಿಂಗು.
ಹೆಸರಿರಲಿಲ್ಲ ಅದಕ್ಕೆ, ಟ್ಯಾಕ್ಸಿಯವನಿಗೆ
'ಸ್ಟುಡಿಯೋ ಬಿಲ್ಡಿಂಗ್' ಅನ್ನುತ್ತಿದ್ದೆವು.
ಈಗ ಅಲ್ಲಿ ಕಾರು ನಿಲ್ಲಿಸುತ್ತಾರೆ, ಗಂಟೆಗಿಷ್ಟು ಅಂತ.
ಕೆಳಗೆ ಕೆಫೆಟೇರಿಯಾ: ಸುಲೇಮಾನಿಗೆ
ಬೆಳಕು ಹಾಯುವ ಕಂದು ಬಿಲ್ಲೆ.
ಒಂದರಲ್ಲಿ ಟೈಲರ್ ಸದಾನಂದಣ್ಣನ ಅರ್ಧ ಹೊಲಿದ ಕಂದೂರ.
ಎರಡರಲ್ಲಿ ನಾವು, ಒಂಬತ್ತು ಜನ.

ಎಷ್ಟು ಅಳೆದರೂ ಆರೇ ಮಂಚ ಕೂರುತ್ತವೆ.
ಮೂರು ರಾತ್ರಿ ತಪ್ಪಿತು ಲೆಕ್ಕ.
ಮಿಕ್ಕ ಮೂವರು ಎಲ್ಲಿ ಮಲಗುತ್ತಿದ್ದರು?
ನಾಲ್ಕನೇ ರಾತ್ರಿ ಹಲ್ಲುಜ್ಜುವಾಗ ಹೊಳೆಯಿತು:
ಮೂವರಿಗೆ ನೈಟ್ ಡ್ಯೂಟಿ.
ಆ ಮಂಚಗಳು ತಣಿದದ್ದೇ ಇಲ್ಲ.

ಗೋಡೆಯ ಏಸಿಗಳಿಗೆ ಎರಡು ವಾರ ಹಿಡಿಯಿತು.
ಐದು ತಟ್ಟೆ ಮಗ್ಗುಲಾಗಿ ಮಲಗಿಸಿದರೆ
ಸರಿಯಾಗಿ ಎರಡು ಗುಬ್ಬಿ ಅಗಲ.
ಈ ಒಂದು ಲೆಕ್ಕ ಕೂಡಿಬಂದ ರಾತ್ರಿ
ಎದ್ದು ಲೈಟು ಹಾಕಿ ಮತ್ತೊಮ್ಮೆ ನೋಡಿದೆ.

ಮೊನ್ನೆ ಜರ್‌ವಲಿ ಚಾಚಾ ಬಂದಿದ್ದ, ಅಲ್ಲಿ ನಾತೂರ್ ಆಗಿದ್ದವನು.
ಕನ್ನಡಕ ಹಣೆಗೇರಿಸಿ, ಉಸಿರು ಬಿಗಿಹಿಡಿದು
ಒಂದೊಂದೇ ಮಹಡಿ ಎತ್ತಿ ನೋಡಿದ.
ಟೈಲರನ್ನು ಕಂಡು ನಕ್ಕ, ಬಾಕಿ ಇನ್ನೂ ಇದೆ ಅಂದ.
ಆಮೇಲೆ ಮೆಟ್ಟಿಲಿನ ಬುಡಕ್ಕೆ ಬೆರಳಿಟ್ಟು ಕೇಳಿದ:
ನನ್ನ ರೂಮು?

ಅಲ್ಲಿ ನಾನು ತುಂಬಿದ್ದು ಗಟ್ಟಿ ಇಟ್ಟಿಗೆ, ಡೈನೋಸಾರಿನ ಹಸಿರು.
ಭಾರ ತಡೆಯಲಿ ಅಂತ. ಯಾರಿಗೂ ಕಾಣದ ಜಾಗ ಅಂತ.

ಹತ್ತೊಂಬತ್ತು ವರ್ಷ ಇದ್ದ ಅಲ್ಲಿ,
ಒಂದು ಸ್ಟವ್, ಬೀಗದಕೈ ಹಲಗೆ,
ಗೋಡೆ ತುಂಬ ಪೆನ್ಸಿಲ್ಲಲ್ಲಿ ಫೋನ್ ನಂಬರುಗಳು.
ಬೇಜಾರೇನೂ ಮಾಡಿಕೊಳ್ಳಲಿಲ್ಲ.
ಬೆರಳ ಗೆಣ್ಣಿನಿಂದ ತಟ್ಟಿ, ಮಜಬೂತಾಗಿದೆ ಅಂದ,
ಇನ್ನೊಂದು ಚಾ ಕುಡಿದು ಹೋದ.

ರಾತ್ರಿ ಮೇಲಿನ ಮಹಡಿಗಳನ್ನೆಲ್ಲ ಎತ್ತಿ
ಒಂದೊಂದಾಗಿ ಸೋಫಾದ ಮೇಲಿಟ್ಟೆ,
ಒಳಗಿನವರಿಗೆ ಎಚ್ಚರವಾಗದ ಹಾಗೆ.
ಹಸಿರು ಇಟ್ಟಿಗೆ ಉಗುರಿಗೆ ಬರಲಿಲ್ಲ, ಹಲ್ಲಲ್ಲಿ ಕಿತ್ತೆ.
ಮೆಟ್ಟಿಲು ಒಂದಿಷ್ಟು ಬಾಗಿ, ನಿಂತಿತು. ಸದ್ಯ.

ಸಿಕ್ಕಿದ್ದು ನಾಲ್ಕು ಗುಬ್ಬಿ ಉದ್ದ, ಮೂರು ಅಗಲ.
ಚಾಚಾ ಕಾಲು ಮಡಚಿ ಮಲಗುತ್ತಿದ್ದ.
ಈ ಬೊಂಬೆಗಳಿಗೋ ಮೊಣಕಾಲಿಲ್ಲ.
ಬಾಗಿಲು ತೆಗೆದೇ ಇಟ್ಟಿದ್ದೇನೆ.
ಪಾದ ಒಂದು ಗುಬ್ಬಿಯಷ್ಟು ಹೊರಗಿದೆ.
ವಿಮಲಾಕ್ಷೀ, ಮೇಜು ಒರೆಸುವಾಗ
ಆ ಕಡೆ ಸ್ವಲ್ಪ ನೋಡಿಕೊಂಡು.