ಹನ್ನೊಂದು ತಲೆ

ಶನಿವಾರ, ಬೆಳಗಿನ ಶಾಲೆ.
ಹಾಜರಿ ಪುಸ್ತಕ ಮೇಜಿನ ಮೇಲೇ ಬಿಟ್ಟು
ಹನ್ನೊಂದು ತಲೆ ಎಣಿಸಿಕೊಂಡು ಗುಡ್ಡಕ್ಕೆ ಹೊರಟೆ.
ಕೊರಳಲ್ಲೊಂದು ಸೀಟಿ, ಚೀಲದಲ್ಲಿ ಹತ್ತಿ, ಟಿಂಚರು,
ಎರಡು ಪೊಟ್ಟಣ ಗ್ಲೂಕೋಸ್ ಬಿಸ್ಕೀಟು,
ತಲೆಯಲ್ಲಿ ಐದನೇ ಇಯತ್ತೆಯ ಪಾಠ: ಶಿಲೆಗಳು, ಅವುಗಳ ವಿಧಗಳು.

ಹೆಡ್ ಮಾಸ್ತರು ಗೇಟಿನ ತನಕ ಬಂದರು.
"ಹಾವು ಗೀವು ನೋಡಿಕೊಳ್ಳಿ ಅಕ್ಕೋರೆ.
ಅಲ್ಲೆಂತ ಉಂಟು ಅಂತ ಹೋಗ್ತೀರೋ, ಬರೀ ಕಲ್ಲು."

ಬರೀ ಕಲ್ಲು, ಹೌದು.
ಹೊಳೆಬದಿಯಿಂದ ನೋಡಿದರೆ ಈ ಗುಡ್ಡಕ್ಕೆ ಶಿಖರವೇ ಇಲ್ಲ,
ಎಳನೀರಿನ ನೆತ್ತಿ ಕೆತ್ತಿದ ಹಾಗೆ ಮಟ್ಟಸ.

ಫೆಲ್ಸಿ ಮುಂದೆ, ಚಪ್ಪಲಿ ಕೈಯಲ್ಲಿ.
ಕವಳಿಗಿಡದಲ್ಲಿ ಹಣ್ಣಿಲ್ಲವೆಂದು ನೌಮಾನ್ ಗಿಡಕ್ಕೇ ಬೈದ.
ಹರಿಕಾಂತರ ಅವಳಿಗಳು, ಭರತದ ನೀರಿಗೂ ಹೆದರದವರು,
ಏರಿನಲ್ಲಿ ಏದುಸಿರಿಟ್ಟು ನನ್ನ ಸೆರಗು ಹಿಡಿದರು.
ಎಲ್ಲರ ಹಿಂದೆ ಯಮನೂರ,
ಜೂನಿನಲ್ಲಿ ಸೇರಿದವನು, ಬಾಗಲಕೋಟೆ ಕಡೆಯ ಹುಡುಗ,
ಬಾಯಿ ತೆರೆದರೆ ತರಗತಿ ನಗುತ್ತದೆಂದು ತೆರೆಯುವುದು ಬಿಟ್ಟವನು.

ಮೇಲೆ ಬಂದೆವು.
ಸೀದ ರೊಟ್ಟಿಯಂಥ ಕರಿಯ ಹರವು, ಮೈಯೆಲ್ಲ ತೂತು.
ಮಳೆ ನಿಂತು ಎಂಟೇ ದಿನ, ತೂತಿನಲ್ಲಿನ್ನೂ ನೀರು,
ನೀರಿನಂಚಿಗೆ ನೀಲಿ ಹೂ, ಅಂಗಿಯ ಗುಂಡಿಗಿಂತ ಸಣ್ಣವು,
ಎಷ್ಟೆಂದರೆ, ಎಣಿಸಹೊರಟ ಶ್ರೀಲತಾ
ಮುನ್ನೂರರ ಹತ್ತಿರ ಲೆಕ್ಕ ತಪ್ಪಿ ಅತ್ತೇಬಿಟ್ಟಳು.

ಕೆಳಗೆ ಅಘನಾಶಿನಿ, ಗಜನಿಯಲ್ಲಿ ಮಾಗುತ್ತಿದ್ದ ಕಗ್ಗ,
ಅದರಾಚೆ ಕಡಲೋ ಮೋಡವೋ ತಿಳಿಯದ ಒಂದು ಗೆರೆ.
"ನಮ್ಮನೆ! ನಮ್ಮನೆ!"
ಒಂದೇ ಹಂಚಿನ ಮಾಡಿಗೆ ಐದು ಜನ ವಾರಸುದಾರರು.

ಪಾಠ ಶುರು ಮಾಡಿದೆ. "ಇದಕ್ಕೆ ಜಂಬಿಟ್ಟಿಗೆ ಎನ್ನುತ್ತಾರೆ,
ನಮ್ಮ ಕಡೆ ಚಿರೆಕಲ್ಲು..."
ಒಂದು ಮಿಡತೆ ಹಾರಿತು. ಪಾಠ ಅದರ ಹಿಂದೆ ಓಡಿತು.

ಆಗ ಕಂಡದ್ದು: ಯಮನೂರ ಬೋರಲು ಮಲಗಿ
ಬಂಡೆಗೆ ಕಿವಿಯಿಟ್ಟು ಹರಳಿನಿಂದ ಬಡಿಯುತ್ತಿದ್ದಾನೆ.
"ಇಲ್ಲಿ ಟೊಳ್ಳು ಐತ್ರಿ ಅಕ್ಕೋರ." ಎರಡು ಮಾರು ಸರಿದು
"ಇಲ್ಲಿ ಗಟ್ಟಿ. ಇಲ್ಲಿ ಕೊಯ್ಯಾಕ ಬರತೈತಿ."

ಯಾರೂ ನಗಲಿಲ್ಲ.
ಎಲ್ಲರಿಗೂ ಒಂದೊಂದು ಹರಳು ಬೇಕಾಯಿತು,
ಎಲ್ಲರ ಕೆನ್ನೆಗೂ ಕಲ್ಲಿನ ಕರಿ.

ಆಚೆ ಮಗ್ಗುಲಿಗೆ ಅವನೇ ಕರೆದೊಯ್ದ.
ಊರಿಗೆ ಕಾಣದ ಮಗ್ಗುಲು ಅದು: ಗುಡ್ಡವನ್ನು ಚೌಕ ಚೌಕ
ಮೆಟ್ಟಿಲು ಮೆಟ್ಟಿಲಾಗಿ ಕೊಯ್ದ ಗುಂಡಿ,
ತಳದಲ್ಲಿ ಹಸಿರು ನೀರು, ಗೋಡೆಯೆಲ್ಲ ಕೆಂಪು.
ಅವಳಿಗಳ ಕೈ ಎರಡೂ ಬಿಗಿಯಾಗಿ ಹಿಡಿದೆ.
"ಆ ಸಾಲು ನಮ್ಮಪ್ಪಂದು. ಈ ಸಾಲು ಕಾಕಾಂದು."
ಮುರುಕು ತುಂಡೊಂದನ್ನು ಉಗುರಿನಿಂದ ಕೆರೆದು ತೋರಿಸಿದ.
"ಒಳಗ ಇದ್ದಾಗ ಮೆತ್ತಗ ಇರತೈತ್ರಿ.
ಹೊರಗ ಬಂದು ಗಾಳಿ ಬಡದ ಮ್ಯಾಲ ಗಟ್ಟಿ ಆಗೂದು."

ಪುಸ್ತಕದಲ್ಲಿ ಇದಿರಲಿಲ್ಲ.
ಇದ್ದರೂ ನಾನು ಹೀಗೆ ಕಲಿಸುತ್ತಿರಲಿಲ್ಲ.

ಫೆಲ್ಸಿ ಗುಂಡಿ ನೋಡಿದಳು, ಕೆಳಗೆ ಶಾಲೆ ನೋಡಿದಳು,
ಹೊಸ ಕೋಣೆಯ ಇನ್ನೂ ಗಿಲಾಯಿ ಕಾಣದ ಕೆಂಪು ಗೋಡೆ,
ಮತ್ತೆ ಗುಂಡಿ.
ಬಾಯಿ ಬಿಟ್ಟವನು ಮಾತ್ರ ನೌಮಾನ್:
"ಹಂಗಾರೆ ನಾವು ದಿನಾ ಕೂತ್ಕಳೂದು ಗುಡ್ಡದೊಳಗೇ!"

ಬಿಸ್ಕೀಟು ಮುಗಿಯಿತು, ಬಿಸಿಲೇರಿತು.
ಇಳಿಯುವ ಮುನ್ನ ಎಣಿಸಿದೆ: ಒಂಬತ್ತು.
ಮತ್ತೆ ಎಣಿಸಿದೆ, ಬೆರಳು ಮುಟ್ಟಿಸಿ: ಒಂಬತ್ತು.
ಹಸಿರು ನೀರು ಕಣ್ಣ ಮುಂದೆ ಬಂತು.
ಸೀಟಿ ಊದಿದೆ, ಓಡಿದೆ, ಎಡವಿದೆ,
ದೇವರಿಗೆ ಏನೇನೋ ಹೇಳಿಕೊಂಡೆ.

ನೀಲಿ ಹೂಗಳ ನಡುವೆ ಶ್ರೀಲತಾ ಮಂಡಿಯೂರಿ ಕೂತಿದ್ದಳು.
ಎದುರಿಗೆ ಯಮನೂರ, ಕುಕ್ಕರಗಾಲಲ್ಲಿ,
ಎಣಿಸಿ ಮುಗಿದ ಕಡೆಗೆಲ್ಲ
ಒಂದೊಂದು ಹರಳಿಟ್ಟು ಗಡಿ ಹಾಕುತ್ತಿದ್ದ.

ತಲೆಯೆತ್ತದೆ ಕೈ ಅಡ್ಡ ಹಿಡಿದಳು.
"ಸೀಟಿ ಊದಬೇಡಿ ಅಕ್ಕೋರೆ, ಲೆಕ್ಕ ತಪ್ತದೆ."

ಬೈಯಬೇಕೆಂದಿದ್ದೆ.
ಸೀಟಿಯನ್ನು ಚೀಲಕ್ಕೆ ಹಾಕಿ, ಉಸಿರು ಸಣ್ಣಗೆ ಬಿಡುತ್ತ
ನನ್ನ ಕಾಲ ಕೆಳಗೊಮ್ಮೆ ನೋಡಿಕೊಂಡು ನಿಂತೆ.

ಏಳುನೂರ ನಲವತ್ತು.
ಏಳುನೂರ ನಲವತ್ತೊಂದು.